ಬಾಯಿದ್ದವಳು ಲಾಯರಾದಳು

ಈ ತಿಂಗಳು ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ಒಬ್ಬ ವಕೀಲೆ. 16 ವರ್ಷ ಇಲ್ಲಿನ ಕೆಳ ಕೋರ್ಟುಗಳಲ್ಲಿ ಓಡಾಡಿ, 2018ರಲ್ಲಿ ಇಂಗ್ಲೆಂಡಿಗೆ ಹೋದರು. ಈಗ ಅಲ್ಲಿ ಸಾಲಿಸಿಟರ್, ಅಂದರೆ ಹೆಚ್ಚಾಗಿ ಕಾಗದ ಪತ್ರದ ಕೆಲಸ ಮಾಡುವ ವಕೀಲೆ. "ಕೇಸಿನ ಸಲಹೆ ಕೇಳಬೇಡಿ, ಬೇರೆ ಏನು ಬೇಕಾದರೂ ಕೇಳಿ" ಎಂದು ಹೋದ ಸಂಚಿಕೆಯಲ್ಲಿ ತಿಳಿಸಿದ್ದೆವು. ಆದರೂ ಬಂದ ಪತ್ರಗಳಲ್ಲಿ ಅರ್ಧ ಆಸ್ತಿ ತಕರಾರಿನವೇ. ಅವನ್ನು ಬದಿಗಿಟ್ಟು ಉಳಿದವನ್ನು ಅವರ ಮುಂದಿಟ್ಟೆವು.

ಚಿಕ್ಕಂದಿನಲ್ಲೇ ವಕೀಲೆ ಆಗಬೇಕು ಅಂತ ಆಸೆ ಇತ್ತೇ?
– ನಿವೃತ್ತ ಮೇಷ್ಟ್ರು

ಇಲ್ಲ ಮೇಷ್ಟ್ರೇ. ನನಗೆ ಪೋಸ್ಟ್ ಆಫೀಸಿನಲ್ಲಿ ಸೀಲು ಹೊಡೆಯುವ ಕೆಲಸ ಬೇಕಿತ್ತು. ಒಂದು ಧಡ್ ಇಂಕಿನ ಪ್ಯಾಡಿಗೆ, ಇನ್ನೊಂದು ಧಡ್ ಕಾಗದಕ್ಕೆ. ಹೊಡೆಯುವಾಗ ಆ ಮನುಷ್ಯ ತಲೆ ಎತ್ತಿ ಯಾರನ್ನೂ ನೋಡುತ್ತಿರಲಿಲ್ಲ. ಲೋಕದಲ್ಲಿ ಅದಕ್ಕಿಂತ ದೊಡ್ಡ ಅಧಿಕಾರ ಇದ್ದೀತು ಅಂತ ನನಗೆ ಅನಿಸಿರಲಿಲ್ಲ.

ಆದರೆ ಮನೆಗೆ ಬಂದವರೆಲ್ಲ "ಇವಳು ಲಾಯರೇ ಆಗೋದು ಬಿಡಿ" ಅನ್ನುತ್ತಿದ್ದರು. ಹೊಗಳುತ್ತಿದ್ದಾರೆ ಅಂದುಕೊಂಡು ಹಿಗ್ಗುತ್ತಿದ್ದೆ. "ಸ್ವಲ್ಪ ಬಾಯಿ ಮುಚ್ಚಮ್ಮ" ಅನ್ನೋದನ್ನೇ ಅವರು ನಯವಾಗಿ ಹೇಳುತ್ತಿದ್ದರು ಅಂತ ಈಗ ಗೊತ್ತಾಗುತ್ತೆ.

ನಿಮ್ಮ ಮೊದಲ ಕೇಸು ಯಾವುದು?
– ಕಾನೂನು ವಿದ್ಯಾರ್ಥಿನಿ

1989. ನನಗೆ ಹತ್ತು ವರ್ಷ. ಆರೋಪಿ ನನ್ನ ತಮ್ಮ, ಏಳು ವರ್ಷ. ಆರೋಪ, ಅಪ್ಪನ ಶೇವಿಂಗ್ ಕನ್ನಡಿ ಒಡೆದದ್ದು. ನ್ಯಾಯಾಧೀಶರು ಅಜ್ಜಿ. ಫೀಸು ಮುಂಗಡವಾಗಿ ತಗೊಂಡಿದ್ದೆ: ಅವನ ಹೊಸ ಪೆನ್ಸಿಲ್ ಡಬ್ಬಿ. ಮುಚ್ಚಳದಲ್ಲಿ ಆಯಸ್ಕಾಂತ ಇತ್ತು, ಮುಚ್ಚಿದರೆ ಟಕ್ ಅನ್ನುತ್ತಿತ್ತು. ಇಡೀ ಕ್ಲಾಸಿನಲ್ಲಿ ಅಂಥದ್ದು ಅದೊಂದೇ.

ಕೇಸು ನನ್ನ ಕಡೆಗೇ ಇತ್ತು. ಅಜ್ಜಿಯನ್ನು ಕೇಳಿದೆ, "ಇವನು ಒಡೆದದ್ದನ್ನು ನೀವು ಕಣ್ಣಾರೆ ನೋಡಿದ್ರಾ?"

"ಇಲ್ಲ ಕಣೆ."

"ಬೇರೆ ಯಾರಾದರೂ ನೋಡಿದ್ರಾ?"

"ನಂಗೇನು ಗೊತ್ತು?"

ಅಲ್ಲಿಗೆ ಕೂತುಬಿಟ್ಟಿದ್ದರೆ ಗೆದ್ದಿರುತ್ತಿದ್ದೆ. ಕೂರಲಿಲ್ಲ. ಸೊಂಟದ ಮೇಲೆ ಕೈ ಇಟ್ಟುಕೊಂಡು, "ಹಾಗಾದ್ರೆ ಇವನೇ ಅಂತ ಹೇಗೆ ಹೇಳ್ತೀರಿ?" ಅಂದೆ.

ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು ಹೇಳಿದರು. "ಬೆಳಿಗ್ಗೆ ಬಂದು ನನ್ನ ಕಿವೀಲಿ ಚಾಡಿ ಹೇಳಿದ್ದು ನೀನೇ ಅಲ್ವೇನೇ?"

ತನಗೇ ಸಾಕ್ಷಿ ಹೇಳಬೇಕಾಗಿ ಬರುವ ಕೇಸನ್ನು ವಕೀಲರು ಹಿಡಿಯಬಾರದು ಅಂತ ಬಾರ್ ಕೌನ್ಸಿಲ್‌ನ ನಡತೆ ನಿಯಮಗಳಲ್ಲಿದೆ. ಅದನ್ನು ಕಾಲೇಜಿನಲ್ಲಿ ಓದಿದಾಗ, ಪಕ್ಕದಲ್ಲಿದ್ದವಳಿಗೆ ನಾನು ಯಾಕೆ ನಗುತ್ತಿದ್ದೇನೆ ಅಂತ ಅರ್ಥವಾಗಲಿಲ್ಲ.

ತಮ್ಮನಿಗೆ ಎರಡು ಏಟು ಬಿತ್ತು. ಡಬ್ಬಿ ನನ್ನ ಹತ್ತಿರವೇ ಉಳಿಯಿತು.

ಮತ್ತೆ ಕಾನೂನು ಓದಿದ್ದು ಯಾಕೆ? ಯಾರಾದರೂ ಒತ್ತಾಯ ಮಾಡಿದರೇ?
– ಇಬ್ಬರು ಹೆಣ್ಣುಮಕ್ಕಳ ತಂದೆ

ಗಣಿತದ ಒತ್ತಾಯ. ಪಿಯುಸಿ ಫಲಿತಾಂಶ ನೋಡಿದ ಮೇಲೆ ಎಂಜಿನಿಯರಿಂಗ್ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಪ್ಪ ಹೇಳಿದ್ದು ಒಂದೇ ಮಾತು, "ಇಷ್ಟು ಮಾತಾಡೋದಕ್ಕೆ ಯಾರಾದರೂ ದುಡ್ಡು ಕೊಡೋದಾದ್ರೆ ಕೊಡಲಿ, ನಾವಂತೂ ಪುಕ್ಕಟೆ ಕೇಳಿ ಸಾಕಾಗಿದೆ." 1997ರಲ್ಲಿ ಐದು ವರ್ಷದ ಕೋರ್ಸಿಗೆ ಸೇರಿದೆ. ಆಗ ಸಿಎಲ್‌ಎಟಿ ಅನ್ನೋ ಪ್ರವೇಶ ಪರೀಕ್ಷೆ ಇರಲಿಲ್ಲ, ಅದು 2008ರಲ್ಲಿ ಬಂತು. ಸನ್ನದು (ವಕೀಲಿಕೆಯ ಪರವಾನಗಿ) ಪಡೆಯುವವರಿಗೆ ಈಗಿರುವ ಅಖಿಲ ಭಾರತ ಬಾರ್ ಪರೀಕ್ಷೆಯೂ ಇರಲಿಲ್ಲ, ಅದು 2011ರದ್ದು. ನಾನು ಎರಡಕ್ಕೂ ಮುಂಚೆ ನುಸುಳಿಕೊಂಡೆ. ಆ ಸಾಲ ಆಮೇಲೆ ಬಡ್ಡಿ ಸಮೇತ ತೀರಿಸಿದೆ, ಮುಂದೆ ಹೇಳ್ತೀನಿ.

ಕೋರ್ಟಿನಲ್ಲಿ ಮೊದಲ ದಿನ ಹೇಗಿತ್ತು? ಕೈಕಾಲು ನಡುಗಿತೇ?
– ಗೃಹಿಣಿ

ನಡುಗೋದಕ್ಕೆ ಅವಕಾಶವೇ ಸಿಗಲಿಲ್ಲ. ಎಂಟು ತಿಂಗಳು ಯಾರೂ ನನ್ನನ್ನು ಬಾಯಿ ಬಿಡೋಕೆ ಬಿಡಲಿಲ್ಲ. ಫೈಲು ಹೊತ್ತೆ, ಡೈರಿ ಬರೆದೆ, ನಕಲಿಗೆ ಅರ್ಜಿ ಹಾಕಿದೆ, ಬೆಂಚ್ ಕ್ಲರ್ಕ್ ಮುಖ ನೋಡಿ ಇವತ್ತು ಏನಾದರೂ ಕೇಳಬಹುದೋ ಬಾರದೋ ಅಂತ ತಿಳಿಯೋದನ್ನು ಕಲಿತೆ. ಈ ಕೊನೆಯದು ಯಾವ ಸಿಲಬಸ್ಸಿನಲ್ಲೂ ಇಲ್ಲ, ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಅದೇ.

ಒಂಬತ್ತನೇ ತಿಂಗಳಲ್ಲಿ ಸೀನಿಯರ್ ಇನ್ನೊಂದು ಕೋರ್ಟ್ ಹಾಲಿನಲ್ಲಿ ಸಿಕ್ಕಿಕೊಂಡರು. "ನಮ್ಮದು 47ನೇ ನಂಬರು. ಕೂಗಿದಾಗ ಎದ್ದು 'ಪಾಸ್ ಓವರ್' ಅಂತ ಕೇಳು, ಅಷ್ಟೇ" ಅಂತ ಹಿಂದಿನ ದಿನವೇ ಹೇಳಿದ್ದರು. ನಮ್ಮ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಅಂತ ಅರ್ಥ. ಎರಡೇ ಎರಡು ಪದ. ರಾತ್ರಿ ಕನ್ನಡಿ ಮುಂದೆ ನಿಂತು ಹೇಳಿ ನೋಡಿಕೊಂಡಿದ್ದೆ.

41 ಕೂಗಿದರು. ನಾನು ಎದ್ದೆ. "ಪಾಸ್ ಓವರ್ ಕೊಡಬೇಕು ಸ್ವಾಮಿ" ಅಂದೆ. ಜಡ್ಜ್ ಸಾಹೇಬರು ತಲೆ ಎತ್ತದೆ "ಸರಿ" ಅಂದರು. ಕೂತ ಮೇಲೆ ಕೈಯಲ್ಲಿದ್ದ ಫೈಲಿನ ನಂಬರು ನೋಡಿ ಬೆವತೆ. ಯಾರದೋ ಕೇಸು! ಈಗ ಎದ್ದು ತಪ್ಪಾಯಿತು ಅನ್ನಲಾ, ಸುಮ್ನೆ ಇರಲಾ ಅಂತ ಒದ್ದಾಡುತ್ತಿದ್ದಾಗ ಹಿಂದಿನ ಸಾಲಿನಿಂದ ಒಬ್ಬ ಹಿರಿಯ ವಕೀಲರು ಬಗ್ಗಿ ಪಿಸುಗುಟ್ಟಿದರು. "ಬಹಳ ಉಪಕಾರ ಆಯ್ತಮ್ಮ. ನಾನೂ ಅದನ್ನೇ ಕೇಳೋಣ ಅಂತಿದ್ದೆ."

ಅಷ್ಟರಲ್ಲಿ 47 ಬಂತು. ನನ್ನ ಗಂಟಲಿನಿಂದ ಸದ್ದೇ ಹೊರಡಲಿಲ್ಲ. ಉಪಕಾರ ತೀರಿಸೋಕೋ ಏನೋ, ಆ ಹಿರಿಯರೇ ಎದ್ದು ನನ್ನ ಪರವಾಗಿ ಕೇಳಿದರು.

ಸಂಜೆ ಸೀನಿಯರ್ ಸಮಾಧಾನ ಮಾಡಿದ್ದು ಗಾಂಧೀಜಿಯನ್ನು ಕರೆತಂದು. 1891ರಲ್ಲಿ ಲಂಡನ್ನಿನ ಇನ್ನರ್ ಟೆಂಪಲ್ ಅನ್ನೋ ವಕೀಲರ ಸಂಘದಲ್ಲಿ ಬ್ಯಾರಿಸ್ಟರ್ ಆಗಿ ಬಂದವರು, ಬಾಂಬೆಯ ಸ್ಮಾಲ್ ಕಾಸಸ್ ಕೋರ್ಟಿನಲ್ಲಿ ಮೊದಲ ಪಾಟೀ ಸವಾಲಿಗೆ ಎದ್ದು ನಿಂತಾಗ ತಲೆ ಸುತ್ತಿ, ಒಂದು ಪ್ರಶ್ನೆಯೂ ಹೊಳೆಯದೆ ಕೂತುಬಿಟ್ಟರಂತೆ. ಫೀಸು ವಾಪಸು ಕೊಟ್ಟರಂತೆ. "ನೋಡು, ನೀನು ಬೇರೆಯವರ ಕೇಸಿನಲ್ಲಾದರೂ ಮಾತಾಡಿದೆ" ಅಂದರು ಸೀನಿಯರ್. (ಫೀಸು ವಾಪಸು ಕೊಡುವ ಭಾಗವನ್ನು ಅವರು ಯಾವತ್ತೂ ಪಾಲಿಸಿದ್ದು ನಾನು ಕಾಣೆ.)

ನಮ್ಮ ಸಿವಿಲ್ ದಾವೆ ಹದಿನಾಲ್ಕನೇ ವರ್ಷದಲ್ಲಿದೆ. ವಕೀಲರು ಸುಳ್ಳು ನೆಪ ಹೇಳಿ ದಿನಾಂಕ ತಗೊಳ್ತಾರೆ ಅನ್ನೋದು ನಿಜವೇ? ನೀವೂ ಹಾಗೆ ಮಾಡಿದ್ದೀರಾ?
– ಬೇಸತ್ತ ಕಕ್ಷಿದಾರ

ಹೌದು. ಮಾಡಿದ್ದೇನೆ.

ನಿಯಮ ಏನೋ ಚೆನ್ನಾಗಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 17 ಪ್ರಕಾರ, ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಗಾರನಿಗೆ ಮೂರು ಸಲಕ್ಕಿಂತ ಜಾಸ್ತಿ ಮುಂದೂಡಿಕೆ ಕೊಡಬಾರದು. ಕೈಮೀರಿದ ಕಾರಣ ಇದ್ದರೆ ಮೂರರ ಮೇಲೂ ಕೊಡಬಹುದು ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೂ ನ್ಯಾಯವಾದ ಮಾತೇ. ಆದರೆ ನಮ್ಮ ಜನಕ್ಕೆ ಎಷ್ಟೆಲ್ಲ ಕೈಮೀರಿದ ಕಾರಣಗಳಿವೆ ಅನ್ನೋದು ಆಮೇಲೆ ಗೊತ್ತಾಯಿತು.

ನಮ್ಮ ಆಫೀಸಿನ ಕಾರಣ ಸೀನಿಯರ್ ಅವರ ಸೊಂಟ ನೋವು. ಒಮ್ಮೆ ಅದನ್ನೇ ಹೇಳಿದಾಗ ಸಾಹೇಬರು ಪೆನ್ನು ಕೆಳಗಿಟ್ಟರು. "ನಿನ್ನೆ ಸಂಜೆ ಕ್ಲಬ್ಬಿನಲ್ಲಿ ಶಟಲ್ ಆಡುತ್ತಿದ್ದರಲ್ಲಮ್ಮ?"

"ಅದಕ್ಕೇ ನೋವು ಸ್ವಾಮಿ" ಅಂದೆ.

ಇಡೀ ಕೋರ್ಟು ನಕ್ಕಿತು. ದಿನಾಂಕ ಸಿಕ್ಕಿತು. ನಾನೂ ಬೀಗುತ್ತಾ ಹೊರಗೆ ಬಂದೆ. ಬಾಗಿಲ ಹತ್ತಿರ ನಮ್ಮ ಕಕ್ಷಿದಾರರು ಚಪ್ಪಲಿ ಬಿಟ್ಟು ನಿಂತಿದ್ದರು. ಎಪ್ಪತ್ತು ದಾಟಿದವರು, ಎರಡು ಬಸ್ಸು ಬದಲಿಸಿ ಬಂದಿದ್ದರು. "ಇವತ್ತೂ ಆಗಲಿಲ್ವಾ ತಾಯಿ?" ಅಂದರು. ಒಳಗೆ ಯಾಕೆ ನಗು ಬಂತು ಅಂತ ಅವರು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ನಿಮ್ಮ ವಕೀಲರು ದಿನಾಂಕ ತಗೊಳ್ಳುವ ದಿನ ನೀವೂ ಕೋರ್ಟಿಗೆ ಹೋಗಿ ಎದುರಿಗೇ ನಿಂತುಕೊಳ್ಳಿ ಸರ್. ನಿಮ್ಮ ಮುಖ ನೋಡಿಕೊಂಡು ನೆಪ ಹೇಳೋದು ಸ್ವಲ್ಪ ಕಷ್ಟ. ಅನುಭವದ ಮಾತು.

ಅಷ್ಟು ವರ್ಷದ ಪ್ರಾಕ್ಟೀಸ್ ಬಿಟ್ಟು ವಿದೇಶಕ್ಕೆ ಹೋಗಿದ್ದು ದುಡ್ಡಿಗಾ?
– ನೇರ ಮಾತಿನವನು

ನೇರ ಉತ್ತರ: ದುಡ್ಡಿಗೇ, ಆದರೆ ನನ್ನದಲ್ಲ. ಯಜಮಾನರಿಗೆ ಅಲ್ಲಿ ಕೆಲಸ ಸಿಕ್ಕಿತು. ಮಗಳಿಗೆ ಒಂಬತ್ತು, ನನಗೆ 39. ನಾನು ಮೂರು ತಿಂಗಳು ವಾದ ಮಾಡಿದೆ. ಸೋತೆ.

ಡಾಕ್ಟರು ಎಲ್ಲಿಗೆ ಹೋದರೂ ಹೃದಯ ಎಡಗಡೆಯೇ ಇರುತ್ತೆ. ಅವರಿಗೂ ಪರೀಕ್ಷೆ ಇರಬಹುದು, ಆದರೆ ಓದಿದ್ದು ಸುಳ್ಳಾಗುವುದಿಲ್ಲ. ಲಾಯರ್ ಕತೆ ಹಾಗಲ್ಲ. ವಿಮಾನ ಏರುವಾಗ ಇದ್ದ ವಿದ್ಯೆ ಇಳಿಯುವಾಗ ಇರುವುದಿಲ್ಲ. ಮೊದಲ ವಾರ ಮಗಳ ಶಾಲೆಯ ಅರ್ಜಿಯಲ್ಲಿ ತಾಯಿಯ ಉದ್ಯೋಗ ಅನ್ನೋ ಕಡೆ "ವಕೀಲೆ" ಅಂತ ಬರೆದೆ. ಆಮೇಲೆ ಹೊಡೆದುಹಾಕಿದೆ. ಆಮೇಲೆ "ಆಗಿದ್ದೆ" ಅಂತ ಸೇರಿಸಿ ಮತ್ತೆ ಬರೆದೆ. ಕೊನೆಗೆ ಅರ್ಜಿ ಅಷ್ಟು ಗಲೀಜಾಯಿತು ಅಂದರೆ ಹೊಸದು ಕೇಳಿ ತಗೊಂಡೆ.

ಅಲ್ಲಿ ಲಾಯರ್ ಆಗೋಕೆ ಮತ್ತೆ ಪರೀಕ್ಷೆ ಬರೆಯಬೇಕಾ? ನಲವತ್ತರ ಮೇಲೆ ಓದೋದು ಹೇಗೆ?
– ಬ್ಯಾಂಕ್ ಉದ್ಯೋಗಿ, ನಲವತ್ತೊಂದು

ಬರೆಯಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಾಲಿಸಿಟರ್ ಆಗಲು 2021ರ ಸೆಪ್ಟೆಂಬರಿನಿಂದ ಎಸ್‌ಕ್ಯೂಇ ಅಂತ ಹೊಸ ಪರೀಕ್ಷೆ ಬಂದಿದೆ. ಎರಡು ಹಂತ. ಮೊದಲ ಹಂತದಲ್ಲಿ 180 ಪ್ರಶ್ನೆಗಳ ಎರಡು ಪೇಪರು, ಒಟ್ಟು 360. ಎಲ್ಲ ಕಂಪ್ಯೂಟರಿನಲ್ಲಿ. ಒಂದೊಂದಕ್ಕೂ ಐದು ಉತ್ತರ, ಅದರಲ್ಲಿ ಎಲ್ಲಕ್ಕಿಂತ ಸರಿಯಾದದ್ದನ್ನು ಆರಿಸಬೇಕು. ನೆನಪಿಡಿ, "ಸರಿಯಾದದ್ದು" ಅಲ್ಲ, "ಎಲ್ಲಕ್ಕಿಂತ ಸರಿಯಾದದ್ದು". ಹದಿನಾರು ವರ್ಷ "ಎರಡೂ ಕಡೆ ವಾದ ಇದೆ ಸ್ವಾಮಿ" ಅಂತ ಬದುಕಿದವಳಿಗೆ ಇದು ಚಿತ್ರಹಿಂಸೆ. ಎರಡನೇ ಹಂತದಲ್ಲಿ 16 ಕೆಲಸಗಳನ್ನು ಮಾಡಿ ತೋರಿಸಬೇಕು. 12 ಬರವಣಿಗೆ, 4 ಬಾಯಿಮಾತು. ಅನುಪಾತ ನೋಡಿ! ನಮ್ಮ ಮನೆಗೆ ಬರುತ್ತಿದ್ದವರೆಲ್ಲ ಈ ಲೆಕ್ಕವನ್ನು ಆಗಲೇ ಹೇಳಿದ್ದರೆ ನಾನು ಪೋಸ್ಟ್ ಆಫೀಸಿಗೇ ಹೋಗುತ್ತಿದ್ದೆ.

ಬೇರೆ ದೇಶದಲ್ಲಿ ಈಗಾಗಲೇ ವಕೀಲರಾದವರಿಗೆ ಒಂದು ರಿಯಾಯಿತಿ ಇದೆ. ಎರಡು ವರ್ಷದ ಕೆಲಸದ ಅನುಭವ ಅಂತ ಉಳಿದವರಿಂದ ಕೇಳುತ್ತಾರಲ್ಲ, ಅದನ್ನು ನಮ್ಮಿಂದ ಕೇಳುವುದಿಲ್ಲ. ಪರೀಕ್ಷೆ ಮಾತ್ರ ನನ್ನನ್ನು ಬಿಡಲಿಲ್ಲ.

ನಾನೂ ಮಗಳೂ ಒಂದೇ ಮೇಜಿನ ಮೇಲೆ ಓದಿದೆವು. ಅವಳದು ಬೀಜಗಣಿತ, ನನ್ನದು ಟ್ರಸ್ಟ್ ಕಾನೂನು. ಇಬ್ಬರಿಗೂ ಎಕ್ಸ್ ಯಾರು ಅಂತ ಗೊತ್ತಾಗುತ್ತಿರಲಿಲ್ಲ. ಮೊದಲ ಸಲ ಒಂದು ಪೇಪರಿನಲ್ಲಿ ಫೇಲ್ ಆದೆ. ಆರು ವರ್ಷದೊಳಗೆ ಮೂರು ಸಲ ಕೂರಬಹುದು, ಹಾಗಾಗಿ ಆಕಾಶ ಕಳಚಿ ಬೀಳಲಿಲ್ಲ. ಆದರೂ ಸಂಜೆ ಸೋಫಾ ಮೇಲೆ ಮುಸುಕು ಹಾಕಿಕೊಂಡು ಮಲಗಿದ್ದೆ. ಮಗಳು ಬಂದು ಮುಸುಕಿನ ಅಂಚು ಎತ್ತಿ, "ಅಮ್ಮಾ, ನೀನು ನನಗೆ ಏನು ಹೇಳ್ತಿದ್ದೆ ನೆನಪಿದೆಯಾ? ತಪ್ಪಾದದ್ದನ್ನು ಐದೈದು ಸಲ ಬರಿ ಅಂತ" ಅಂದಳು. ತಾಯಿಯಾಗಿ ನಾನು ಮಾಡಿದ ತಪ್ಪುಗಳೆಲ್ಲ ಆ ಒಂದು ವಾಕ್ಯದಲ್ಲಿ ವಾಪಸು ಬಂದವು. ಬರೆದೆ. ಎರಡನೇ ಸಲ ಪಾಸಾಯಿತು.

ನಲವತ್ತೊಂದು ಏನೂ ಜಾಸ್ತಿ ಅಲ್ಲ. ಕನ್ನಡಕದ ನಂಬರು ಮಾತ್ರ ಮೊದಲೇ ಸರಿ ಮಾಡಿಸಿಕೊಳ್ಳಿ.

ಎರಡು ದೇಶದ ಕಾನೂನಿಗೂ ಮೂಲ ಬ್ರಿಟಿಷರದ್ದೇ ಅಲ್ವಾ? ಅಷ್ಟೇನು ವ್ಯತ್ಯಾಸ ಇರುತ್ತೆ?
– ಇತಿಹಾಸದ ಉಪನ್ಯಾಸಕರು

ನಾನೂ ಹೀಗೇ ಅಂದುಕೊಂಡಿದ್ದೆ. ಅದೇ ನನ್ನನ್ನು ಹಳ್ಳಕ್ಕೆ ಕೆಡವಿದ್ದು.

2019ರಲ್ಲಿ ಒಂದು ಆಫೀಸಿನಲ್ಲಿ ಪ್ಯಾರಾಲೀಗಲ್ ಆಗಿ ಸೇರಿದ್ದೆ. ವಕೀಲರ ಕೈಕೆಳಗೆ ಕಾಗದ ಪತ್ರ ನೋಡಿಕೊಳ್ಳುವ ಕೆಲಸ. ನನ್ನ ಮೇಲಿನವಳು ನನಗಿಂತ ಹತ್ತು ವರ್ಷ ಚಿಕ್ಕವಳು. ವಯಸ್ಸಾದ ಒಬ್ಬ ಹೆಂಗಸು ಉಯಿಲು ಮಾಡಿಸೋಕೆ ಬಂದರು. ಸಾಕ್ಷಿಗೆ ಅಕ್ಕಪಕ್ಕದ ಮನೆಯವರು. ಒಬ್ಬರಿಗೆ ರಾತ್ರಿ ಪಾಳಿ, ಇನ್ನೊಬ್ಬರಿಗೆ ಹಗಲು ಪಾಳಿ. "ಒಬ್ಬರು ಬೆಳಿಗ್ಗೆ, ಒಬ್ಬರು ಸಂಜೆ ಸಹಿ ಮಾಡಿದರೆ ಆಗುತ್ತಾ?" ಅಂತ ಕೇಳಿದರು.

ಆ ಆಫೀಸಿನಲ್ಲಿ ನನಗೆ ಖಚಿತವಾಗಿ ಉತ್ತರ ಗೊತ್ತಿದ್ದ ಮೊದಲ ಪ್ರಶ್ನೆ ಅದು. ನಮ್ಮ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಸೆಕ್ಷನ್ 63. ಇಬ್ಬರು ಸಾಕ್ಷಿ ಬೇಕು, ಆದರೆ ಇಬ್ಬರೂ ಒಂದೇ ಹೊತ್ತಿನಲ್ಲಿ ಇರಬೇಕಾಗಿಲ್ಲ. ನೂರು ಉಯಿಲಾದರೂ ಮಾಡಿಸಿದ್ದೆ. "ಧಾರಾಳವಾಗಿ ಆಗುತ್ತೆ" ಅಂದೆ. ಅಂದದ್ದನ್ನೇ ಟಿಪ್ಪಣಿಯಲ್ಲಿ ಬರೆದೂ ಇಟ್ಟೆ.

ಸಂಜೆ ಮೇಲಿನವಳು ಟಿಪ್ಪಣಿ ಹಿಡಿದು ಬಂದಳು. ಬೈಯಲಿಲ್ಲ. ಬಾಗಿಲು ಹಾಕಿಕೊಂಡು, 1837ರ ಅವರ ವಿಲ್ಸ್ ಆಕ್ಟ್ ತೆಗೆದು ಒಂಬತ್ತನೇ ಸೆಕ್ಷನ್ ಮೇಲೆ ಬೆರಳಿಟ್ಟಳು. ಉಯಿಲು ಬರೆದವರು ಸಹಿ ಮಾಡುವಾಗ, ಇಲ್ಲವೇ ಇದು ನನ್ನದೇ ಸಹಿ ಅಂತ ಒಪ್ಪಿಕೊಳ್ಳುವಾಗ, ಇಬ್ಬರು ಸಾಕ್ಷಿಗಳೂ ಒಟ್ಟಿಗೆ ಅಲ್ಲಿರಬೇಕು. ಇಲ್ಲದಿದ್ದರೆ ಉಯಿಲು ಬರೀ ಕಾಗದ. ಆ ರಾತ್ರಿಯೇ ಉಯಿಲಿನ ಅಜ್ಜಿಗೆ ಫೋನ್ ಮಾಡಿದೆವು. ಪುಣ್ಯಕ್ಕೆ ಇನ್ನೂ ಯಾರೂ ಸಹಿ ಹಾಕಿರಲಿಲ್ಲ.

ಬೇರೆ ದೇಶಕ್ಕೆ ಹೋದ ವಕೀಲರಿಗೆ ಗೊತ್ತಿಲ್ಲದ ಕಾನೂನಿನಿಂದ ಅಪಾಯ ಇಲ್ಲ, ಗೊತ್ತಿಲ್ಲದ್ದನ್ನು ಹುಡುಕಿ ಓದುತ್ತೇವೆ. ಅಪಾಯ ಇರೋದು ಗೊತ್ತಿದೆ ಅಂದುಕೊಂಡದ್ದರಲ್ಲಿ. ಇನ್ನೊಂದು ನೋಡಿ: ಇಂಗ್ಲೆಂಡಿನಲ್ಲಿ ಮದುವೆಯಾದರೆ ಸಾಮಾನ್ಯವಾಗಿ ಮೊದಲು ಬರೆದ ಉಯಿಲು ರದ್ದಾಗುತ್ತೆ. ನಮ್ಮಲ್ಲಿ ಹಿಂದೂಗಳ ಉಯಿಲು ಮದುವೆಯಿಂದ ರದ್ದಾಗುವುದಿಲ್ಲ.

ಆ ಒಂಬತ್ತನೇ ಸೆಕ್ಷನ್ ನನ್ನ ಬೆನ್ನು ಬಿಡಲಿಲ್ಲ. ಮರುವರ್ಷವೇ ಕೊರೊನಾ ಬಂತು. ಒಂದು ಮಧ್ಯಾಹ್ನ ನಾನೂ ಸಹೋದ್ಯೋಗಿಯೂ ಒಬ್ಬರ ಮನೆ ಮುಂದೆ ಸಾಕ್ಷಿಗಳಾಗಿ ಎರಡೆರಡು ಮೀಟರ್ ದೂರ ನಿಂತಿದ್ದೆವು. ಉಯಿಲು ಅವರ ಕಾರಿನ ಬಾನೆಟ್ ಮೇಲೆ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಅವರು ಬಂದು ಸಹಿ ಮಾಡಿ ಹಿಂದೆ ಸರಿದರು. ನಾನು ಹೋಗಿ ಮಾಡಿ ಸರಿದೆ. ಆಮೇಲೆ ಅವಳು. ಮೂವರಿಗೂ ಬೇರೆ ಬೇರೆ ಪೆನ್ನು. ಕೊನೆಯ ಸಹಿಗೆ ಸರಿಯಾಗಿ ತುಂತುರು ಶುರುವಾಗಿ ನನ್ನ ಹೆಸರಿನ ಬಾಲ ಸ್ವಲ್ಪ ಹರಡಿತು. ಆ ಕಾಲಕ್ಕೆಂದು ವಿಡಿಯೊ ಮೂಲಕ ಸಾಕ್ಷಿಯಾಗಲೂ ಕಾನೂನು ಅವಕಾಶ ಕೊಟ್ಟಿತು, 2024ರ ಜನವರಿ ಕೊನೆಯವರೆಗೆ. ನಮ್ಮ ಆಫೀಸಿಗೆ ಮಾತ್ರ ಬಾನೆಟ್ಟೇ ಜಾಸ್ತಿ ನಂಬಿಕೆ.

ಕುದುರೆ ಕೂದಲಿನ ಟೋಪನ್ ಹಾಕ್ಕೊಳ್ತೀರಾ?
– ಆರನೇ ತರಗತಿ

ಇಲ್ಲ ಪುಟ್ಟಾ. ಅದು ಹೆಚ್ಚಾಗಿ ಕೋರ್ಟಿನಲ್ಲಿ ವಾದ ಮಾಡುವ ಬ್ಯಾರಿಸ್ಟರ್‌ಗಳದು, ಅದೂ ಈಗ ಮುಖ್ಯವಾಗಿ ಕ್ರಿಮಿನಲ್ ಕೋರ್ಟಿನಲ್ಲಿ. ಸಿವಿಲ್ ಮತ್ತು ಕುಟುಂಬದ ಕೇಸುಗಳಲ್ಲಿ ಜಡ್ಜುಗಳು 2008ರಲ್ಲೇ ತೆಗೆದಿಟ್ಟರು. ನಾನು ಒಮ್ಮೆ ಒಬ್ಬರದು ಮುಟ್ಟಿ ನೋಡಿದೆ. ಪಾತ್ರೆ ಉಜ್ಜುವ ನಾರಿನ ಹಾಗಿತ್ತು.

ಅಲ್ಲೂ ಜಡ್ಜಿಗೆ "ಮೈ ಲಾರ್ಡ್" ಅಂತಾರಾ?
– ಯುವ ವಕೀಲ

ಹೈಕೋರ್ಟಿನಲ್ಲಿ ಅಂತಾರೆ. ಕೆಳಗಿನ ಡಿಸ್ಟ್ರಿಕ್ಟ್ ಜಡ್ಜುಗಳಿಗೆ "ಸರ್", "ಮೇಡಂ" ಹೋಗಿ 2022ರ ಡಿಸೆಂಬರಿನಿಂದ ಬರೀ "ಜಡ್ಜ್". ಎದುರಿಗಿರುವವರನ್ನು "ಏನು ಜಡ್ಜೇ" ಅಂದ ಹಾಗಾಗುತ್ತೆ ಅಂತ ನನ್ನ ನಾಲಿಗೆ ಇನ್ನೂ ಹಿಂಜರಿಯುತ್ತೆ. ನಮ್ಮ ಬಾರ್ ಕೌನ್ಸಿಲ್ 2006ರಲ್ಲೇ "ಲಾರ್ಡ್" ಬೇಡ, "ಯುವರ್ ಆನರ್" ಸಾಕು ಅಂದಿದೆ. ನೀವು ಅಂತೀರೋ ಇಲ್ವೋ, ನಿಜ ಹೇಳಿ.

ಹದಿನಾರು ವರ್ಷ ಕಲಿತ ಸೆಕ್ಷನ್‌ಗಳೆಲ್ಲ ಮರೆತುಹೋದವೇ?
– ಹಳೆಯ ಸಹಪಾಠಿ

ಇಲ್ಲ, ಅದೇ ತೊಂದರೆ. ಕೊಲೆ 302, ಮೋಸ 420 ಅಂತ ತಲೆಯಲ್ಲಿ ಕೊರೆದಿಟ್ಟುಕೊಂಡಿದ್ದೆ. 2024ರ ಜುಲೈ 1ಕ್ಕೆ 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಕೊಲೆ 103 ಆಯಿತು, ಮೋಸ 318 ಆಯಿತು. ಅವತ್ತು ಬೆಳಿಗ್ಗೆ ನಿನಗೇ ಅಲ್ವಾ ನಾನು ಫೋನ್ ಮಾಡಿದ್ದು? ಪುಸ್ತಕ ಹರಡಿಕೊಂಡು ಕೂತಿದ್ದೀನಿ ಅಂತ ನೀನಂದೆ. ನಿಜ ಹೇಳ್ತೀನಿ, ನನಗೆ ಒಳಗೊಳಗೇ ಖುಷಿಯಾಯಿತು. ದೇಶ ಬಿಡದೆಯೂ ಹೊಸದಾಗಿ ಓದಬೇಕಾಯಿತಲ್ಲ ನೀವು. ಆದರೆ ಮೋಸಗಾರನನ್ನು ಇನ್ನು ಮೇಲೆ "ತ್ರೀ ಏಟೀನ್" ಅಂತ ಯಾರಾದರೂ ಬೈತಾರೆ ಅಂತ ನನಗೆ ನಂಬಿಕೆ ಇಲ್ಲ.

ನಾನು ಕಾನೂನು ಓದುತ್ತಿದ್ದೇನೆ. ಮುಗಿದ ಕೂಡಲೇ ವಿದೇಶಕ್ಕೆ ಹೋಗಬೇಕೆಂದಿದ್ದೇನೆ. ಸಲಹೆ?
– ನಾಲ್ಕನೇ ವರ್ಷದ ವಿದ್ಯಾರ್ಥಿ

ಹೋಗುವ ಮುಂಚೆ ಎರಡು ವರ್ಷ ಇಲ್ಲೇ ಕೆಳ ಕೋರ್ಟಿನಲ್ಲಿ ಇರಪ್ಪ. ಇದು ಹಳಬರ ಹಠ ಅನಿಸಬಹುದು, ಅನಿಸಲಿ. ಅಲ್ಲಿ ಸಿಗುವಷ್ಟು ತರಹದ ಮನುಷ್ಯರು ಬೇರೆಲ್ಲೂ ಸಿಗುವುದಿಲ್ಲ.

ಯಾವ ದೇಶ ಅಂತ ಮೊದಲು ತೀರ್ಮಾನ ಮಾಡು. "ವಿದೇಶ" ಅಂತ ಒಂದು ದೇಶ ಇಲ್ಲ. ಇಂಗ್ಲೆಂಡಿನ ಪರೀಕ್ಷೆ ಮೇಲೆ ಹೇಳಿದ್ದೇನೆ. ಕೆನಡಾದಲ್ಲಿ ಮೊದಲು ಒಂದು ರಾಷ್ಟ್ರೀಯ ಸಮಿತಿ ನಿನ್ನ ಓದನ್ನು ತೂಗಿ, ಯಾವ ಯಾವ ವಿಷಯ ಮತ್ತೆ ಬರೆಯಬೇಕು ಅಂತ ಹೇಳುತ್ತೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಅಲ್ಲಿ ಎಲ್‌ಎಲ್‌ಎಂ ಮಾಡಿದರೆ ತಾನಾಗಿಯೇ ವಕೀಲನಾಗ್ತೀನಿ ಅಂತ ತುಂಬಾ ಜನ ಸಾಲ ಮಾಡಿ ಹೋಗುತ್ತಾರೆ. ಎಲ್‌ಎಲ್‌ಎಂ ಬರೀ ಪದವಿ, ಸನ್ನದಲ್ಲ. ಸಾಲಕ್ಕೆ ಸಹಿ ಹಾಕುವ ಮುಂಚೆ ಇದೊಂದನ್ನು ಸರಿಯಾಗಿ ಓದಿಕೋ. ಅಷ್ಟಕ್ಕೂ ಓದದೆ ಸಹಿ ಹಾಕುವವನು ಲಾಯರ್ ಆಗಿ ಏನು ಮಾಡ್ತೀಯ?

ಈಗ ದಿನಾ ಕೋರ್ಟಿನಲ್ಲಿ ವಾದ ಮಾಡೋದು ಇಲ್ಲ. ಬೇಜಾರಾಗಲ್ವಾ?
– ಗೃಹಿಣಿ (ಇನ್ನೊಬ್ಬರು)

ಮೊದಲ ವರ್ಷ ಆಯಿತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ನನಗೆ ಬಾಯಿಗೇ ಬರಗಾಲ ಬಂದಿತ್ತು. ಸಾಲಿಸಿಟರ್ ಕೆಲಸ ಅಂದರೆ ಕಾಗದ ಬರೆಯೋದು, ಓದೋದು, ಮತ್ತೆ ಬರೆಯೋದು. ನಾನು ಮಾಡುವುದು ಉಯಿಲು ಮತ್ತು ಮನೆ ಕೊಡುಕೊಳ್ಳುವ ಕೆಲಸ. ವಾರಗಟ್ಟಲೆ ಯಾರ ಮೇಲೂ ದನಿ ಎತ್ತುವುದಿಲ್ಲ. ಮನೆಯವರ ಮೇಲೆ ಬಿಟ್ಟು.

ಆದರೆ ಉಯಿಲು ಬರೆಸೋಕೆ ಬರುವವರಲ್ಲಿ ಒಂದು ವಿಚಿತ್ರ ಕಂಡಿದ್ದೇನೆ. "ಯಾರ್ಯಾರಿಗೆ ಏನು?" ಅಂತ ಕೇಳಿದರೆ ಬೇಗ ಹೇಳಿಬಿಡುತ್ತಾರೆ. ಹೇಳಿ ಎದ್ದುಹೋಗುವುದಿಲ್ಲ. ಕುರ್ಚಿಯ ಅಂಚಿಗೆ ಜರುಗಿ, ಕೋಟಿನ ಗುಂಡಿ ಹಾಕಿಕೊಳ್ಳುತ್ತಾ, ಬಿಚ್ಚುತ್ತಾ ಕೂರುತ್ತಾರೆ. ಆಗ ನಾನು ಏನೂ ಮಾತಾಡದೆ ಪೆನ್ನು ಕೆಳಗಿಟ್ಟರೆ ಸಾಕು, ಒಂದು ನಿಮಿಷದಲ್ಲಿ ನಿಜವಾದ ವಿಷಯ ಬರುತ್ತೆ. ಫೋನ್ ಮಾಡದ ಮಗ, ಮೊದಲ ಮದುವೆಯ ಮಗಳು, ಯಾರಿಗೂ ಹೇಳದ ಸಾಲ. ಕೆಲವು ಸಲ ಉಯಿಲನ್ನೇ ಬದಲಾಯಿಸಬೇಕಾಗುತ್ತೆ. ಹದಿನಾರು ವರ್ಷ ಪಾಟೀ ಸವಾಲಿನಲ್ಲಿ ಜಗ್ಗಿ ಎಳೆದರೂ ಬಾರದ್ದು, ಸುಮ್ನೆ ಕೂತರೆ ಬರುತ್ತೆ. ಅಜ್ಜಿಯ ಕೋರ್ಟಿನಲ್ಲೂ ನಾನು ಮಾಡಬೇಕಿದ್ದದ್ದು ಅಷ್ಟೇ.

ಅಂದ ಹಾಗೆ, ಸೀಲು ಸಿಕ್ಕಿದೆ. ಪಾಸ್‌ಪೋರ್ಟ್ ನಕಲಿಗೆ "ಇದು ಮೂಲದ ನಿಜಪ್ರತಿ" ಅಂತ ದೃಢೀಕರಿಸುವ ಕೆಲಸವನ್ನು ಸಾಲಿಸಿಟರ್‌ಗಳೂ ಮಾಡಬಹುದು. ಅದಕ್ಕೊಂದು ರಬ್ಬರ್ ಸೀಲು ಇದೆ. ಮೊದಲ ದಿನ ಹೊಡೆದ ಸದ್ದಿಗೆ ಪಕ್ಕದ ಮೇಜಿನವಳು ಬೆಚ್ಚಿ ಎದ್ದು ನಿಂತಿದ್ದಳು.

ವಾಪಸು ಬಂದು ಇಲ್ಲಿ ಪ್ರಾಕ್ಟೀಸ್ ಮಾಡ್ತೀರಾ?
– ಹಳೆಯ ಕಕ್ಷಿದಾರರ ಮಗ

ಪೂರ್ತಿ ಹೊತ್ತಿನ ನೌಕರಿಗೆ ಸೇರಿದರೆ ವಕೀಲರು ಪ್ರಾಕ್ಟೀಸ್ ನಿಲ್ಲಿಸಬೇಕು ಅಂತ ನಿಯಮ ಇದೆ. ಹಾಗಾಗಿ ಸನ್ನದು ಅಮಾನತಿನಲ್ಲಿದೆ. ರದ್ದಾಗಿಲ್ಲ. ಕರಿಕೋಟು ಅಮ್ಮನ ಮನೆಯ ಬೀರುವಿನಲ್ಲಿದೆ. ಹೋದ ಸಲ ಬಂದಾಗ ಹಾಕಿ ನೋಡಿದೆ, ಗುಂಡಿ ಹತ್ತಲಿಲ್ಲ. ಈ ವಿಷಯಕ್ಕೂ ಒಂದು ದಿನಾಂಕ ಕೊಡಿ ಅಂತ ಕೇಳಿಕೊಳ್ಳುತ್ತೇನೆ.

ಮನೆಯಲ್ಲಿ ವಾದ ಆದರೆ ಯಾರು ಗೆಲ್ಲೋದು?
– ಹೊಸದಾಗಿ ಮದುವೆಯಾದವನು

ಮಗಳು.

ಕನ್ನಡಿ ಕೇಸಿನಲ್ಲಿ ಸೋತಿದ್ದೀರಿ. ಫೀಸು ವಾಪಸು ಕೊಡೋದು ಯಾವಾಗ?
– ಹೆಸರು ಬೇಡ, ನಿಮ್ಮ ಮೊದಲ ಕಕ್ಷಿದಾರ

ಇದು ಯಾರ ಪತ್ರ ಅಂತ ಅಕ್ಷರ ನೋಡಿಯೇ ಗೊತ್ತಾಯಿತು ಕಣೋ.

1963ರ ಕಾಲಮಿತಿ ಕಾಯ್ದೆ ಓದು. ಇಂಥ ವಸೂಲಿಗೆ ಮೂರು ವರ್ಷ. ನಿನ್ನದು 1989ರದ್ದು. ಆಗ ನೀನು ಮೈನರ್ ಆಗಿದ್ದೆ, ಸೆಕ್ಷನ್ 6 ಪ್ರಕಾರ ಹದಿನೆಂಟು ತುಂಬಿದ ಮೇಲೆ ಲೆಕ್ಕ ಶುರುವಾಗಬೇಕು ಅಂತ ನೀನು ವಾದಿಸಬಹುದು. ಒಪ್ಪಿಕೊಂಡೆ. ನಿನಗೆ ಹದಿನೆಂಟು ತುಂಬಿದ್ದು 2000ದಲ್ಲಿ. 2003ಕ್ಕೆ ನಿನ್ನ ಹಕ್ಕು ಮುಗಿಯಿತು. ಆ ಮೂರೂ ವರ್ಷ ನೀನು ನನ್ನ ಸ್ಕೂಟರ್ ಓಡಿಸಿಕೊಂಡು ತಿರುಗುತ್ತಿದ್ದೆ, ಒಂದು ನೋಟಿಸೂ ಕಳಿಸಲಿಲ್ಲ.

ಡಬ್ಬಿ ಇಲ್ಲೇ ನನ್ನ ಆಫೀಸಿನ ಮೇಜಿನ ಮೇಲಿದೆ. ಕ್ಲಿಪ್ಪು, ಗುಂಡುಪಿನ್ನು ಹಾಕಿಟ್ಟಿದ್ದೇನೆ. ಮುಚ್ಚಳದ ಬಣ್ಣ ಹೋಗಿದೆ. ಟಕ್ ಅನ್ನೋದು ಮಾತ್ರ ಹಾಗೇ ಇದೆ.